ಹಣೆಯ ಚರ್ಮ ಮೂಗಾಗಿ ಹಿಡಿದದ್ದು ಹೇಗೆ?

ಪ್ರಶ್ನೆ: ಟಿಪ್ಪು ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡವನೊಬ್ಬನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದರು ಎಂದು ಓದಿದ್ದೆ. ಹೊಲಿಗೆಯನ್ನೂ ಹಾಕದೆ ಆ ಚರ್ಮ ಕೊಳೆಯದೆ ಉಳಿದದ್ದು ಹೇಗೆ? ಇದು ಸುಶ್ರುತನ ವಿಧಾನವೇ?

ಉತ್ತರ: ನೀವು ಓದಿರುವುದು ಕವಾಸ್ಜಿ ಎಂಬಾತನ ಸಂಗತಿ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಆತ ಟಿಪ್ಪುವಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಅದರ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. ಆ ಕೆಲಸಗಾರನ ಹೆಸರನ್ನು ಅಲ್ಲಿ ಕೊಡದಿದ್ದುದು ದೊಡ್ಡ ಅನ್ಯಾಯ.

ಮೊದಲು ತೆಳು ಮೇಣದ ಹಾಳೆಯನ್ನು ಮೊಂಡು ಮೂಗಿನ ಮೇಲೆ ಒತ್ತಿ, ಮೂಗಿನ ಆಕಾರ ಬರುವಂತೆ ತಿದ್ದುತ್ತಿದ್ದರು. ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಿದ್ದರು. ಚರ್ಮವನ್ನು ಕೆಳಕ್ಕೆ ತಿರುಗಿಸಬೇಕಾದ್ದರಿಂದ ಅಳತೆಯನ್ನು ತಲೆಕೆಳಗಾಗಿ ಇಡಬೇಕು: ಹೊಳ್ಳೆಯ ಭಾಗ ಕೂದಲ ಕಡೆಗೆ, ಮೂಗಿನ ಬುಡ ಹುಬ್ಬಿನ ಕಡೆಗೆ. ಹಣೆ ಗಿಡ್ಡವಾಗಿದ್ದರೆ ಮೂಗಿನ ತುದಿಯಲ್ಲಿ ಕೂದಲು ಬೆಳೆಯುತ್ತದೆ. ಗೆರೆಯಗುಂಟ ಕೊಯ್ದು ಚರ್ಮ ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಡುತ್ತಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿದೆ. ಹುಬ್ಬಿನ ಒಳಕೊನೆಯಿಂದ ಹಣೆಗೆ ಏರುವ ರಕ್ತನಾಳಗಳು ಅದರಲ್ಲೇ ಹಾದುಹೋಗುತ್ತವೆ. ಹಾಗಾಗಿ ಸ್ಥಳ ಬದಲಿಸಿದ ಚರ್ಮಕ್ಕೆ ರಕ್ತ ನಿಲ್ಲುವುದೇ ಇಲ್ಲ. ಪಟ್ಟಿ ತೀರಾ ಕಿರಿದಾದರೆ ತುದಿಗೆ ರಕ್ತ ಮುಟ್ಟದೆ ಕಪ್ಪಾಗಿ ಸಾಯುತ್ತದೆ. ತಿರುಗಿಸುವಾಗ ಹೆಚ್ಚು ಹಿಂಡಿದರೆ ಒಳಗೆ ಬಂದ ರಕ್ತ ಹೊರಹೋಗಲಾರದೆ ಚರ್ಮ ನೀಲಿಗಟ್ಟಿ ಉಬ್ಬುತ್ತದೆ. ಇವತ್ತಿನ ಪ್ಲಾಸ್ಟಿಕ್ ಸರ್ಜನ್ನರು ಹೆದರುವುದೂ ಇದಕ್ಕೇ.

ಆಮೇಲೆ ಮೊಂಡಿನ ಹಳೆಯ ಕಲೆಯನ್ನು ಕೆತ್ತಿ ತೆಗೆಯುತ್ತಿದ್ದರು. ಒಣಗಿದ ಕಲೆಗೆ ಹಸಿ ಚರ್ಮ ಅಂಟುವುದಿಲ್ಲ. ಗಾಯಕ್ಕೆ ಗಾಯವೇ ಕೂಡಬೇಕು. ಅದರ ಹಿಂದೆ, ಮೇಲ್ತುಟಿಯವರೆಗೂ ಒಂದು ಸೀಳು ಹಾಕಿ, ಹೊಸ ಚರ್ಮದ ಅಂಚನ್ನು ಅದರೊಳಗೆ ಸೇರಿಸುತ್ತಿದ್ದರು. ಹೊಲಿಗೆಯಿಲ್ಲದೆಯೂ ನಿಂತದ್ದು ಹೀಗೆ. ಮೇಲೆ ನೀರಲ್ಲಿ ಮೆತ್ತಗಾಗಿಸಿದ ಕಾಚು ಸವರಿದ ಐದಾರು ಬಟ್ಟೆಪಟ್ಟಿಗಳು, ಒಂದರ ಮೇಲೊಂದು. ವೀಳ್ಯಕ್ಕೆ ಹಾಕುವ ಅದೇ ಕಾಚು. ಅದರ ಒಗರು ಒಸರುವ ನೀರನ್ನು ಹಿಡಿದು ಒಣಗಿಸುತ್ತದೆ.

ನಾಲ್ಕು ದಿನ ಆ ಬಟ್ಟೆಪಟ್ಟಿಗಳನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆ ತುರುಕುತ್ತಿದ್ದರು; ಇಲ್ಲದಿದ್ದರೆ ಒಳಮೈಯ ಹಸಿಗಾಯ ಮಾಯುತ್ತಾ ಸುಕ್ಕಿಕೊಂಡು ದಾರಿ ಮುಚ್ಚುತ್ತದೆ. ಒಳಪೊರೆ ಇಲ್ಲದಿರುವುದೇ ಈ ವಿಧಾನದ ದೊಡ್ಡ ಕೊರತೆ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುತ್ತಿದ್ದರು. ಅಷ್ಟರಲ್ಲಿ ಸುತ್ತಲಿನ ಅಂಚುಗಳಿಂದ ಹೊಸ ರಕ್ತನಾಳಗಳು ಬೆಳೆದಿರುತ್ತವೆ. ಈಗಲೂ ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ.

ಈ ವಿವರದ ಜಾಡು ಹಿಡಿದು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ರೋಗಿಯೊಬ್ಬನಿಗೆ ಇದೇ ಶಸ್ತ್ರಕ್ರಿಯೆ ಮಾಡಿದ. ಈಥರ್ ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಪುಣೆಯ ರೋಗಿಯಂತೆ ಲಂಡನ್ನಿನ ರೋಗಿಯೂ ಎಚ್ಚರದಲ್ಲೇ ಇದ್ದ.

ಇನ್ನು ಸುಶ್ರುತ. ಅವನ ಹೆಸರಿನ ವೈದ್ಯಗ್ರಂಥ ಸುಶ್ರುತ ಸಂಹಿತೆಯ ಸೂತ್ರಸ್ಥಾನ ಎಂಬ ಭಾಗದ 16ನೆಯ ಅಧ್ಯಾಯದಲ್ಲಿ ಮೂಗು ಕಟ್ಟುವ ಕ್ರಮವಿದೆ, ಆದರೆ ಚರ್ಮ ಕೆನ್ನೆಯದು, ಅಳತೆಗೆ ಮರದ ಎಲೆ. ಹಣೆಯ ಮಾತು ಅಲ್ಲಿಲ್ಲ. ತತ್ವ ಒಂದೇ, ಚರ್ಮ ಮೂಲಕ್ಕೆ ಅಂಟಿಕೊಂಡೇ ಇರಬೇಕು. ಹೊಳ್ಳೆಗಳಿಗೆ ಎರಡು ನಾಳ ಇಟ್ಟು, ಪತಂಗ ಮರದ ಚಕ್ಕೆ, ಜ್ಯೇಷ್ಠಮಧು, ರಸಾಂಜನ (ಮರದರಿಸಿನದ ಗಟ್ಟಿ ಸಾರ) ಇವುಗಳ ಪುಡಿ ಉದುರಿಸಿ, ಬಿಳಿ ಹತ್ತಿ ಮುಚ್ಚಿ ಎಳ್ಳೆಣ್ಣೆ ಚಿಮುಕಿಸಲು ಹೇಳುತ್ತದೆ. ಮೂಗು ಚಿಕ್ಕದಾದರೆ ಬೆಳೆಸಲು ಮತ್ತೆ ಯತ್ನಿಸಿ, ಮಾಂಸ ಹೆಚ್ಚಾಗಿ ಬೆಳೆದರೆ ಸಮ ಮಾಡಿ ಎಂಬ ಸೂಚನೆಯೂ ಅಲ್ಲೇ ಇದೆ.