ಬೆಳೆದ ಉದ್ಯಮವನ್ನು ಒಂದು ವರ್ಷ ಇದ್ದಷ್ಟರಲ್ಲೇ ಇಡಬಹುದೇ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಗೃಹಿಣಿ. ಅತ್ತೆಯವರಿಂದ ಕಲಿತ ಅಪ್ಪೆಮಿಡಿ (ನಮ್ಮ ಕಡೆಯ ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಯನ್ನು ಮಾರಾಟಕ್ಕೆ ಮಾಡತೊಡಗಿ ಒಂಬತ್ತು ವರ್ಷಗಳಾದವು. ಈಗ ಊರಿನ ಎಂಟು ಹೆಂಗಸರು ನನ್ನೊಡನೆ ದುಡಿಯುತ್ತಾರೆ. ಎರಡು ವರ್ಷಗಳಿಂದ ವ್ಯಾಪಾರ ಎಣಿಸಿದ್ದಕ್ಕಿಂತ ಚೆನ್ನಾಗಿದೆ. ಹುಬ್ಬಳ್ಳಿಯ ವಿತರಕರೊಬ್ಬರು ಬರುವ ಹಂಗಾಮಿಗೆ ಮೂರು ಪಟ್ಟು ಮಾಲು ಕೇಳುತ್ತಿದ್ದಾರೆ, ಬ್ಯಾಂಕು ಸಾಲ ಕೊಡಲು ಸಿದ್ಧವಿದೆ, ಮನೆಯವರಿಗೂ ಉತ್ಸಾಹವಿದೆ. ನನಗೆ ಮಾತ್ರ ಒಂದು ವರ್ಷ ಇಷ್ಟರಲ್ಲೇ ಇರೋಣ ಅನ್ನಿಸುತ್ತಿದೆ. ಕಳೆದ ವರ್ಷ ನನಗೆ ಪುರಸೊತ್ತಾಗದೆ ಎರಡು ಡ್ರಮ್ ಮಿಡಿ ಮೆತ್ತಗಾಗಿ ಚೆಲ್ಲಬೇಕಾಯಿತು. ಇದನ್ನು ಹೇಳಿದರೆ ‘ಲಕ್ಷ್ಮಿ ಬಾಗಿಲಿಗೆ ಬಂದಾಗ ಕದ ಹಾಕುತ್ತೀಯಾ’ ಎನ್ನುತ್ತಾರೆ. ನನ್ನದು ಸೋಮಾರಿತನವೇ, ಹೆದರಿಕೆಯೇ?

ಉತ್ತರ: ಸೋದರಿ, ಒಂಬತ್ತು ವರ್ಷ ಒಲೆ, ಉಪ್ಪು, ಖಾರದ ನಡುವೆ ನಿಂತು ಎಂಟು ಮನೆಗಳಿಗೆ ಸಂಬಳ ಮುಟ್ಟಿಸುತ್ತಿರುವವರನ್ನು ಯಾರೂ ಸೋಮಾರಿ ಎನ್ನಲಾರರು. ಹೆದರಿಕೆ ಇದ್ದೀತು. ಆದರೆ ನಿಮ್ಮ ಹೆದರಿಕೆಗೆ ಲೆಕ್ಕದ ಆಧಾರವಿದೆ ಎಂದು ಪತ್ರ ಓದಿದಾಗ ನನಗೆ ಖಚಿತವಾಯಿತು. ಈ ವರ್ಷ ನಿಲ್ಲಿ ಎಂದೇ ನನ್ನ ಸಲಹೆ.

ಆ ಎರಡು ಡ್ರಮ್‌ಗಳ ವಿಷಯವನ್ನೇ ಮೊದಲು ನೋಡೋಣ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ನೆಲಕ್ಕೆ ಬೀಳದಂತೆ ಇಳಿಸಿದರೆ ಮಾತ್ರ ಸೊನೆ ಒಳಗೇ ಉಳಿದು ಪರಿಮಳ ನಿಲ್ಲುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪೆಟ್ಟು ತಿಂದ ಕೆಲವೇ ಮಿಡಿಗಳು ಜೊತೆಯಲ್ಲಿರುವವನ್ನೂ ಕೆಡಿಸುತ್ತವೆ. ಅವನ್ನು ಆರಿಸಿ ತೆಗೆಯುವ, ಉಪ್ಪಿನ ಹದ ನೋಡುವ ಕೆಲಸ ಇಂದಿಗೂ ನಿಮ್ಮೊಬ್ಬರ ಕೈಯಲ್ಲೇ ಇದೆ. ಈಗಿನ ಪ್ರಮಾಣಕ್ಕೇ ಸಾಲದ ಆ ಎರಡು ಕೈಗಳು ಮೂರು ಪಟ್ಟು ಮಾಲಿಗೆ ಹೇಗೆ ಸಾಕಾದಾವು? ನಿಮ್ಮ ಹೆಸರು ನೋಡಿ ಕೊಂಡವರ ಊಟದ ಎಲೆಗೆ ಮೆತ್ತಗಿನ ಮಿಡಿ ಒಮ್ಮೆ ಬಿದ್ದರೆ, ಆ ಗಿರಾಕಿ ದೂರು ಕೊಡಲಿಕ್ಕೂ ಬರುವುದಿಲ್ಲ, ಮರಳಿ ಕೊಳ್ಳಲಿಕ್ಕೂ ಬರುವುದಿಲ್ಲ.

ಇನ್ನು ಹಣ. ಮಿಡಿಯನ್ನು ಹಂಗಾಮಿನ ಕೆಲವೇ ವಾರಗಳಲ್ಲಿ ನಗದು ಕೊಟ್ಟು ಕೊಳ್ಳಬೇಕು, ತಿಂಗಳುಗಟ್ಟಲೆ ಉಪ್ಪಿನಲ್ಲಿಡಬೇಕು, ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಮಾರಬೇಕು. ಆದುದರಿಂದ ವ್ಯಾಪಾರ ಬೆಳೆದಷ್ಟೂ ಡ್ರಮ್ಮಿನಲ್ಲಿ ಕುಳಿತ ಹಣವೂ ಬೆಳೆಯುತ್ತದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳಿಗೆ ತಪ್ಪದೆ ಬರುತ್ತದೆ. ವಿತರಕರು ಹಣವನ್ನು ಯಾವಾಗ ಕೊಡುತ್ತಾರೆ ಎಂಬುದನ್ನು ನೀವು ಬರೆದಿಲ್ಲ. ನಿಮ್ಮ ಘಟಕ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಪಡೆದಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿಲ್ಲದಿದ್ದಾಗ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನ ಮೀರದಂತೆ ಕೊಳ್ಳುವವರು ಹಣ ಪಾವತಿಸಬೇಕು. ಇದನ್ನು ಮುಂದಿಟ್ಟು ಮಾತನಾಡಿ ನೋಡಿ. ಅವರ ಉತ್ತರದಿಂದಲೇ ಈ ಬೇಡಿಕೆಗೆ ಎಷ್ಟು ತೂಕವಿದೆಯೆಂದು ತಿಳಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಮೂರು ಪಟ್ಟು ಮಿಡಿ ಎಲ್ಲಿಂದ ಬರಬೇಕು? ಹೊಳೆಯಂಚಿನ ಹಳೆಯ ಮರಗಳು ಪ್ರತಿವರ್ಷ ಒಂದೇ ಸಮನೆ ಕಾಯಿ ಬಿಡುವುದಿಲ್ಲ. ಹೂ ಬಿಡುವ ಕಾಲದಲ್ಲಿ ಮೋಡ ಕವಿದು ಮಳೆ ಬಿದ್ದರೆ ಆ ವರ್ಷದ ಕಥೆ ಮುಗಿದಂತೆ. ಬೇಡಿಕೆ ಹೆಚ್ಚಿದ ಮೇಲೆ ಕೊಂಬೆಯನ್ನೇ ಕಡಿದು ಮಿಡಿ ಕೀಳುವವರು ಹುಟ್ಟಿಕೊಂಡು, ಎಷ್ಟೋ ಒಳ್ಳೆಯ ಮರಗಳು ಹಾಳಾದ ಸಂಗತಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿದೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕದ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ಸಿಕ್ಕಿರುವುದು ಈ ಮರಗಳ ಗುಣದಿಂದ. ಕಾಯಿ ಸಾಲದೆಂದು ಕಂಡಕಂಡ ಮಾವಿನ ಮಿಡಿ ಬೆರೆಸಬೇಕಾದ ಸ್ಥಿತಿ ಬಂದರೆ, ಅತ್ತೆಯವರು ಕಲಿಸಿದ್ದು ಎಂದು ಹೇಳಿಕೊಳ್ಳಲು ನಿಮಗೇ ಮನಸ್ಸು ಬಾರದು.

ಹಾಗೆಂದು ನಿಲ್ಲುವುದರಲ್ಲಿ ನಷ್ಟವಿಲ್ಲ ಎಂದು ನಾನು ಹೇಳುವುದಿಲ್ಲ. ವಿತರಕರು ಬೇರೆಯವರ ಬಳಿ ಹೋಗಬಹುದು, ಅಷ್ಟನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಇದೇ ಪ್ರಮಾಣದಲ್ಲಿ ಅವರಿಗೂ ಒಂದು ಪಾಲು ಕೊಡುತ್ತೇನೆ, ಹೆಚ್ಚಿನದನ್ನು ಮುಂದಿನ ವರ್ಷ ನೋಡೋಣ ಎಂದು ಬರೆದು ತಿಳಿಸಿ. ಬಾಯಿಮಾತಿನ ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳಬೇಡಿ. ಬೇಡಿಕೆ ಇಷ್ಟಿರುವಾಗ ಬೆಲೆಯನ್ನು ಸ್ವಲ್ಪ ಏರಿಸಲೂಬಹುದು. ನಿಮ್ಮ ಶ್ರಮಕ್ಕೆ ನೀವು ಸಂಬಳ ಹಾಕಿಕೊಂಡಿದ್ದೀರೋ ಇಲ್ಲವೋ ಎಂಬ ಸಂಶಯ ನನಗಿದೆ, ನಮ್ಮ ಕಡೆಯ ಹೆಂಗಸರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ವರ್ಷ ನಿಮ್ಮ ಎಂಟು ಮಂದಿಯಲ್ಲಿ ಇಬ್ಬರಿಗಾದರೂ ಮಿಡಿ ಆರಿಸುವುದನ್ನೂ ಉಪ್ಪಿನ ಹದವನ್ನೂ ಕಲಿಸಿ, ನೀವು ಅಲ್ಲಿಲ್ಲದ ದಿನ ಕೆಲಸ ಹೇಗೆ ಸಾಗುತ್ತದೆಂದು ನೋಡಿ. ಜಾಗವಿದ್ದರೆ ತೋಟದ ಅಂಚಿನಲ್ಲಿ ಒಳ್ಳೆಯ ಜಾತಿಯ ಕಸಿ ಗಿಡಗಳನ್ನು ನೆಡಿ, ಅವು ಫಲಕ್ಕೆ ಬರಲು ಕೆಲವು ವರ್ಷಗಳೇ ಬೇಕು. ಯಾರ ಸಂಬಳವನ್ನೂ ಕಡಿಮೆ ಮಾಡಬೇಡಿ.

ಮನೆಯವರ ಉತ್ಸಾಹವನ್ನು ವಿರೋಧವೆಂದು ತಿಳಿಯಬೇಡಿ. ‘ನನಗೆ ಸಾಕಾಗಿದೆ’ ಎಂದರೆ ಅವರು ಸಮಾಧಾನ ಹೇಳುತ್ತಾರೆ, ಅಷ್ಟೇ. ಚೆಲ್ಲಿದ ಮಿಡಿಯ ಖರ್ಚು, ಡ್ರಮ್ಮಿನಲ್ಲಿರುವ ಹಣ, ಬರಬೇಕಾದ ಬಾಕಿ, ಹೊಸ ಸಾಲದ ಕಂತು ಇವಿಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಕೂತು ಓದಲು ಕೊಡಿ. ಮಿಡಿ ಕೊಯ್ಯುವವರಿಗೆ ಮುಂಗಡ ಕೊಡುವ ಹೊತ್ತಿಗೆ ಮೊದಲೇ ಈ ಮಾತುಕತೆ ಮುಗಿದಿರಲಿ. ಒಮ್ಮೆ ಮುಂಗಡ ಕೊಟ್ಟ ಮೇಲೆ ಪ್ರಮಾಣ ತಗ್ಗಿಸುವುದು ಕಷ್ಟ.