ವಾಂಖೆಡೆಗೆ ಆರ್‌ಸಿಬಿ ಜೆರ್ಸಿ ಹಾಕಿಕೊಂಡು ಹೋಗಬಹುದಾ?

ಮುಂಬೈಯ ವಾಂಖೆಡೆ ಸ್ಟೇಡಿಯಂನಲ್ಲಿ ಹಿಂದಿನ ಸಾಲಿನವರು ಪಂದ್ಯ ಮುಗಿಯುವವರೆಗೂ ಬೈದರು, ಜೆರ್ಸಿಯಿಂದಲೇ ಹೀಗಾಯಿತು, ಮುಂದಿನ ಸಲ ಮಗಳನ್ನು ಕರೆದುಕೊಂಡು ಹೋಗುವಾಗ ಆರ್‌ಸಿಬಿ ಜೆರ್ಸಿ ಬಿಟ್ಟು ಹೋಗಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ 2018ರ ಏಪ್ರಿಲ್ 17 ಕಣ್ಣ ಮುಂದೆ ಬಂತು.

ಅವತ್ತು ಅಲ್ಲೇ ಮುಂಬೈ ಇಂಡಿಯನ್ಸ್–ಆರ್‌ಸಿಬಿ ಐಪಿಎಲ್ ಪಂದ್ಯಕ್ಕೆ ಅಪ್ಪನ ಜೊತೆ ಹೋಗಿದ್ದೆ. ಅಪ್ಪ ಗೋರೆಗಾಂವ್‌ನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತವರು. ಟಿವಿ ಇದ್ದದ್ದು ಅವರ ತಲೆಯ ಮೇಲೆ, ಗಿರಾಕಿಗಳಿಗೆ ಕಾಣುವ ಹಾಗೆ. ಹಾಗಾಗಿ ಅವರು ಕ್ರಿಕೆಟ್ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಗಲಾಟೆ ಕೇಳಿಯೇ ವಿಕೆಟ್ಟೋ ಫೋರೋ ಹೇಳುತ್ತಿದ್ದರು. ಕೊಹ್ಲಿ ಆಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುತ್ತಿದ್ದರು. ಸ್ಟೇಡಿಯಂ ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

ನಮ್ಮ ಉಮೇಶ್ ಯಾದವ್ ಪಂದ್ಯದ ಮೊದಲ ಎರಡು ಎಸೆತಕ್ಕೇ ಎರಡು ವಿಕೆಟ್ ತೆಗೆದರು. ಸೂರ್ಯಕುಮಾರ್ ಸೊನ್ನೆ, ಇಶಾನ್ ಕಿಶನ್ ಸೊನ್ನೆ. ನಾನು ಎದ್ದು ಕುಣಿದೆ. ಅದು ತಪ್ಪಲ್ಲ. ಕುಣಿಯುತ್ತಾ ಹಿಂದೆ ತಿರುಗಿದೆ ನೋಡಿ, ಅದು ತಪ್ಪು. ಮೈದಾನಕ್ಕೆ ಬೆನ್ನು ಹಾಕಿ, ಮುಂಬೈಯ ನೀಲಿ ಜೆರ್ಸಿ ಹಾಕಿದ್ದ ಮೂವರು ಹುಡುಗರ ಮುಖದ ಮುಂದೆ ಚಪ್ಪಾಳೆ ತಟ್ಟಿ 'ಈ ಸಲ ಕಪ್ ನಮ್ದೇ' ಅಂತ ಕೂಗಿದೆ. ಹತ್ತು ಸೆಕೆಂಡ್ ಇರಬಹುದು. ಮೈದಾನದ ಕಡೆ ಮುಖ ಮಾಡಿ ಎಷ್ಟು ಕೂಗಿದರೂ ಅದು ಆಟಕ್ಕೆ ಕೂಗಿದ್ದು. ಒಬ್ಬರ ಮುಖಕ್ಕೆ ಕೂಗಿದರೆ ಅದು ಅವರನ್ನು ಕೆಣಕಿದ್ದು. ಅಲ್ಲಿಯವರೆಗೆ ನಾನು ಅವರಿಗೆ ಯಾರೋ ಒಬ್ಬ ಕೆಂಪು ಜೆರ್ಸಿಯವನು. ಆಮೇಲೆ ಲೆಕ್ಕ ತೀರಿಸಬೇಕಾದ ಆಸಾಮಿ. ಪಂದ್ಯಕ್ಕೆ ಮುಂಚೆ ಸೀಟಿಗೆ ಮೆಟ್ಟಿಲು ಇಳಿಯುವಾಗ ಅದೇ ಹುಡುಗರಲ್ಲಿ ಒಬ್ಬ ಅಪ್ಪನ ಕೈ ಹಿಡಿದು ನೆರವಾಗಿದ್ದ. ಅದೂ ನನಗೆ ನೆನಪಾಗಲಿಲ್ಲ.

ಆಮೇಲೆ ಮುಂಬೈಯ ಲೂಯಿಸ್ 65, ರೋಹಿತ್ 94. ಪ್ರತಿ ಫೋರ್‌ಗೂ ನಮ್ಮ ಕಿವಿಯ ಹತ್ತಿರ ಪೀಪಿ. ಆಮೇಲೆ ಬೈಗುಳ. ಮುಂಬೈ ಬ್ಯಾಟಿಂಗಿನ ಕೊನೆಯ ಓವರುಗಳಲ್ಲಿ ಒಂದು ಲೋಟ ನೀರು ಅಪ್ಪನ ಕುತ್ತಿಗೆ ಮೇಲೆ ಬಿತ್ತು. ನಾನು ಒಬ್ಬನ ಕಾಲರ್ ಹಿಡಿದೆ. ಸೆಕ್ಯುರಿಟಿಯವರು ಬಂದರು. ಯಾರು ಶುರು ಮಾಡಿದ್ದು ಅಂತ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನನ್ನನ್ನೂ ಅವನನ್ನೂ ಹೊರಗೆ ಕಳಿಸಿದರು. ಅಪ್ಪ ಕೂತಿರಬಹುದಿತ್ತು. ಕೂರಲಿಲ್ಲ, ನನ್ನ ಹಿಂದೆಯೇ ಬಂದರು.

ಅದಕ್ಕೇ ಜೆರ್ಸಿಯಿಂದ ಹೀಗಾಯಿತು ಅನ್ನುವ ನಿಮ್ಮ ಮಾತನ್ನು ನಾನು ಒಪ್ಪಲ್ಲ. 2024ರಲ್ಲಿ ಇದೇ ವಾಂಖೆಡೆಯಲ್ಲಿ ಹಾರ್ದಿಕ್ ಪಾಂಡ್ಯಗೆ ಜನ ಟಾಸ್ ಹೊತ್ತಿಗೇ ಬೂ ಅಂದರು. ಅವರು ಹಾಕಿದ್ದು ನೀಲಿ ಜೆರ್ಸಿ, ಅವರೇ ಮುಂಬೈ ಕ್ಯಾಪ್ಟನ್. ಬಣ್ಣ ಬದಲಾಯಿಸಿದರೆ ಬೈಗುಳ ತಪ್ಪುತ್ತದೆ ಅನ್ನುವುದು ಸುಳ್ಳು. ಮಗಳಿಗೂ ಜೆರ್ಸಿ ಹಾಕಿಸಿ. ಬೈಗುಳ ಶುರುವಾದರೆ ತಿರುಗಿ ಉತ್ತರ ಕೊಡಬೇಡಿ. ಸಾಲು, ಸೀಟು ನಂಬರ್ ನೋಡಿಕೊಂಡು ನೇರ ಸೆಕ್ಯುರಿಟಿ ಹತ್ತಿರ ಹೋಗಿ. ಮೊದಲ ಸಲವೇ ಹೋಗಿ, ಹತ್ತನೇ ಓವರ್ ತನಕ ಸಹಿಸಿಕೊಂಡು ಕೂರಬೇಡಿ. ನಿಮ್ಮ ಕೈ ಒಬ್ಬರ ಮೇಲೆ ಬಿತ್ತೋ, ನಿಮ್ಮ ದೂರು ಅಲ್ಲಿಗೇ ಮುಗಿಯಿತು. ಯಾರದಾದರೂ ಬಣ್ಣ, ಜಾತಿ ಎತ್ತಿ ಆಡಿದರಂತೂ ಬಿಡಲೇಬೇಡಿ. 2007ರಲ್ಲಿ ಇಲ್ಲೇ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಸೈಮಂಡ್ಸ್‌ರನ್ನು ಮಂಗನಂತೆ ಅಣಕಿಸಿದವರನ್ನು ಪೊಲೀಸರು ಹೊರಗೆ ಹಾಕಿದ್ದರು.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಬೈದ ದಿನ ಮುಂಬೈಯ ಮೊದಲ ವಿಕೆಟ್ ಬಿದ್ದಾಗ ನೀವು ಯಾವ ಕಡೆ ತಿರುಗಿದಿರಿ?

2018ರ ಆ ರಾತ್ರಿ ನಾವು ಹೊರಗೆ ಬಂದೆವು. ಚರ್ಚ್‌ಗೇಟ್ ಸ್ಟೇಷನ್ ಕಡೆ ನಡೆಯುವ ಬದಲು ಅಪ್ಪ ಗೋಡೆ ಪಕ್ಕ ನಿಂತರು. ಒಳಗೆ ದೊಡ್ಡ ಸದ್ದು ಎದ್ದರೆ 'ನಮ್ಮ ವಿಕೆಟ್ ಹೋಯ್ತು' ಅನ್ನುತ್ತಿದ್ದರು. ಸದ್ದು ಅಡಗಿ ಅಲ್ಲೊಂದು ಇಲ್ಲೊಂದು ಕೂಗು ಕೇಳಿದರೆ 'ಕೊಹ್ಲಿ ಹೊಡೆದ ಮಾರಾಯ' ಅನ್ನುತ್ತಿದ್ದರು. ನಾನು ಮೊಬೈಲಿನಲ್ಲಿ ನೋಡಿ ಹೌದು ಅನ್ನುತ್ತಿದ್ದೆ. ಕೊಹ್ಲಿ ಕೊನೆಯವರೆಗೂ ಔಟಾಗಲಿಲ್ಲ, 92 ಹೊಡೆದರು. ಅಪ್ಪ ಆ 92ನ್ನೂ ಕೇಳಿಯೇ ಮುಗಿಸಿದರು.