ಕಾರ್ಯಕ್ರಮದ ತಯಾರಿಗೆ ಮೂಡ್ ಬೋರ್ಡ್ ನಿಜವಾಗಿ ಬೇಕಾ?

ಬೇಕು, ಅದರಲ್ಲೂ ತೀರ್ಮಾನ ಮಾಡುವವರು ಒಬ್ಬರಿಗಿಂತ ಜಾಸ್ತಿ ಇದ್ದರೆ ಖಂಡಿತ ಬೇಕು. ಮೂಡ್ ಬೋರ್ಡ್ ಅಂದರೆ ಕಾರ್ಯಕ್ರಮ ಹೇಗೆ ಕಾಣಬೇಕು ಅನ್ನೋದನ್ನು ಫೋಟೋ, ಬಣ್ಣ, ಬಟ್ಟೆ ತುಂಡುಗಳಲ್ಲಿ ಒಂದೇ ಕಡೆ ಜೋಡಿಸಿಟ್ಟ ಹಾಳೆ. 'ಸಿಂಪಲ್ಲಾಗಿ ಇರಲಿ' ಅಂದಾಗ ನಿಮ್ಮ ತಲೆಯಲ್ಲಿ ಬಿಳಿ ಮೇಜುಬಟ್ಟೆ, ಒಂದೆರಡು ಹೂವು. ಅಲಂಕಾರ ಮಾಡುವವರ ತಲೆಯಲ್ಲಿ ಮರದ ಹಲಗೆ, ಬಲ್ಬಿನ ಸರ. ಇಬ್ಬರೂ ಹೂಂ ಅಂದಿರುತ್ತೀರಿ, ವ್ಯತ್ಯಾಸ ಗೊತ್ತಾಗೋದು ದುಡ್ಡು ಕೊಟ್ಟ ಮೇಲೆ. ಚಿತ್ರ ಮುಂದಿದ್ದರೆ ಆ ಜಗಳ ಮೊದಲೇ ಮುಗಿಯುತ್ತದೆ.

ಶುರು ಮಾಡಬೇಕಾದ್ದು ಪಿಂಟರೆಸ್ಟ್‌ನಂಥ ಫೋಟೋ ಸೈಟ್‌ನಿಂದ ಅಲ್ಲ, ಕಾರ್ಯಕ್ರಮ ನಡೆಯುವ ಹಾಲ್‌ನ ಫೋಟೋದಿಂದ. ಗೋಡೆ, ಕಾರ್ಪೆಟ್ ಬಣ್ಣ ಬದಲಾಯಿಸೋಕೆ ಆಗಲ್ಲ, ಅಲ್ವಾ? ಅದಕ್ಕೆ ಹೊಂದುವ ಮೂರ್ನಾಲ್ಕು ಬಣ್ಣ ಸಾಕು. ಪ್ರತಿ ಚಿತ್ರದ ಪಕ್ಕ ಅದರಲ್ಲಿ ಏನು ಇಷ್ಟ ಅಂತ ಬರೆಯಿರಿ: ಲೈಟಾ, ಹೂವಾ, ಕುರ್ಚಿ ಹಾಕಿದ ರೀತಿಯಾ. ಇಲ್ಲದಿದ್ದರೆ ಅದು ಸುಮ್ನೆ ಚಂದದ ಫೋಟೋಗಳ ರಾಶಿ. ಇನ್ನೊಂದು, ಮೊಬೈಲ್ ಪರದೆ ನೋಡಿ ಬಣ್ಣ ಒಪ್ಪಬೇಡಿ. ಹಳದಿ ಬೆಳಕಿನಲ್ಲಿ ತಿಳಿ ನೀಲಿ ಮಂಕಾಗಿ ಬೂದು ಥರ ಕಾಣುತ್ತದೆ, ಹಾಗಾಗಿ ಬಟ್ಟೆ ತುಂಡನ್ನು ಹಾಲ್‌ಗೇ ಒಯ್ದು ಅವತ್ತು ಹಾಕುವ ದೀಪದ ಕೆಳಗೆ ಹಿಡಿದು ನೋಡಿ.